ಅಡಿಕೆ ಗೋಡೌನಿನಲ್ಲಿ ನಿಂತಿದ್ದ ಪದ್ಮಿನಿ

ಏಪ್ರಿಲ್, ಮೂರನೇ ವಾರ

ಸಾಗರದಿಂದ ಒಳಗಿನ ಒಂದು ಹಳ್ಳಿ. ಅಡಿಕೆ ಗೋಡೌನಿನ ಒಂದು ಮೂಲೆಯಲ್ಲಿ ಗೋಣಿಚೀಲ, ಇನ್ನೊಂದು ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ 1976ರ ಪ್ರೀಮಿಯರ್ ಪದ್ಮಿನಿ. ಆ ಊರಿನ ಡಾಕ್ಟರು ಓಡಿಸುತ್ತಿದ್ದ ಕಾರು. ಅವರು ತೀರಿಕೊಂಡು ಹದಿನಾಲ್ಕು ವರ್ಷ ಆಯಿತು. ಕಾರು ಅಂದಿನಿಂದ ಅಲ್ಲಾಡಿಲ್ಲ. ಅವರ ಹೆಂಡತಿಯನ್ನು ಊರೆಲ್ಲ ಅಮ್ಮ ಎಂದೇ ಕರೆಯುತ್ತದೆ. ಕೀಲಿ ನನ್ನ ಕೈಗೆ ಕೊಟ್ಟು ಹೇಳಿದರು: "ಮೇಷ್ಟ್ರೇ, ಗುಜರಿಯವರು ಮೂರು ಸಲ ಬಂದು ಕೇಳಿದ್ರು. ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀವು ಓಡಿಸ್ತೀರಿ ಅಂದ್ರೆ ತಗೊಂಡು ಹೋಗಿ." ಆದರೂ ಸುಮ್ನೆ ತರಲು ನನಗೆ ಮನಸ್ಸಾಗಲಿಲ್ಲ. ಮೂವತ್ತೈದು ಸಾವಿರ ಕೊಟ್ಟೆ.

ಇದು ನನ್ನ ಐದನೇ ಹಳೇ ಕಾರು. ಮೊದಲನೆಯದು 1986ರಲ್ಲಿ ಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್. ಅದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡೀಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದಿತ್ತು. ನಾನು ಪಾನಾ ಹಿಡಿಯುವುದು ಕಲಿತದ್ದು ಹಾಗೆ ಕೂತುಕೊಂಡೇ. ಆಮೇಲೆ ಎರಡು ಅಂಬಾಸಿಡರ್, ಒಂದು ಫಿಯಟ್ 1100 ಡಿಲೈಟ್. ಡಿಲೈಟನ್ನು ಮಗಳ ಮದುವೆಯ ವರ್ಷ ಮಾರಿದೆ. ಅದು ಗೇಟು ದಾಟಿ ಹೋದದ್ದು ಇನ್ನೂ ಕಣ್ಣಮುಂದಿದೆ.

ಹಳೇ ಕಾರು ನೋಡಲು ಹೋದವರು ಸಾಮಾನ್ಯವಾಗಿ ಬಾನೆಟ್ ಎತ್ತುತ್ತಾರೆ. ನಾನು ಮ್ಯಾಟ್ ಎತ್ತುತ್ತೇನೆ. ಎಂಜಿನ್ ಎಷ್ಟೇ ಕೆಟ್ಟಿದ್ದರೂ ಬಿಚ್ಚಿ ಸರಿ ಮಾಡಬಹುದು. ಹೆರಾಲ್ಡಿಗೆ ಬೇರೆ ಚಾಸಿ, ಅಂದರೆ ಅಡಿಯಲ್ಲಿ ಉಕ್ಕಿನ ಚೌಕಟ್ಟು, ಇತ್ತು, ಬಾಡಿ ಅದರ ಮೇಲೆ ಕೂತಿತ್ತು. ಫಿಯಟ್ಟಿಗೆ ಹಾಗಿಲ್ಲ. ಅದರ ಬಾಡಿಯೇ ಅದರ ಚಾಸಿ. ನೆಲದ ತಗಡು ಹೋಯಿತು ಎಂದರೆ ಕಾರಿನ ಬೆನ್ನುಮೂಳೆಯೇ ಹೋದ ಹಾಗೆ. ಮಲೆನಾಡಿನ ಮಳೆಯಲ್ಲಿ ಮೊದಲು ಹೋಗುವುದೂ ಅದೇ.

ಡ್ರೈವರ್ ಸೀಟಿನ ಮುಂದೆ ಮ್ಯಾಟ್ ಎತ್ತಿದೆ. ಡಾಂಬರು ಬಳಿದ ತಗಡು, ಸುತ್ತಲೂ ರಿವೆಟ್ಟು. ಯಾವಾಗಲೋ ಯಾರೋ ಹಳೇ ತಗಡಿನ ಮೇಲೇ ಹೊಸ ತಗಡು ಕೂರಿಸಿ ಮುಚ್ಚಿದ್ದರು. ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಕೆಯ ತನಕ ಇಳಿದು ಗೋಡೌನಿನ ನೆಲ ಮುಟ್ಟಿತು. ಎಡಗಡೆ ಸ್ವಲ್ಪ ವಾಸಿ. ಬ್ಯಾಟರಿ ತಟ್ಟೆ ಆಸಿಡ್ಡಿಗೆ ಪೂರ್ತಿ ಕರಗಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಇಲಿಗೂಡು.

ಆದರೆ ಬಾಗಿಲು ನಾಲ್ಕೂ ಮೆತ್ತಗೆ ಹಾಕಿಕೊಂಡವು, ಸಂದು ಸಮವಾಗಿತ್ತು. ಬಾಡಿ ಇನ್ನೂ ಕುಗ್ಗಿಲ್ಲ ಎಂದು ಅರ್ಥ. ಅಷ್ಟು ನೋಡಿಯೇ ಹೂಂ ಅಂದೆ.

ಮೇ

ಚಕ್ರ ನಾಲ್ಕೂ ಕಚ್ಚಿಕೊಂಡಿದ್ದವು. ಡ್ರಮ್ಮಿನ ಸುತ್ತ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಅರ್ಧ ದಿನ ಕಳೆಯಿತು. ಕೊನೆಗೆ ಹಿಂದಿನ ಎಡ ಚಕ್ರ ಒಂದನ್ನು ಬಿಟ್ಟು ಉಳಿದವು ತಿರುಗಿದವು. ತಿರುಗದ ಆ ಚಕ್ರವನ್ನು ಹಲಗೆಯ ಮೇಲೆ ಜಾರಿಸಿ, ಕಾರನ್ನು ಲಾರಿಗೆ ಏರಿಸಿ ಮನೆಗೆ ತಂದೆವು.

ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಸ್ಟಾರ್ಟ್ ಆಯ್ತಾ?" ನಾನು ಮೊದಲು ಬ್ರೇಕ್ ಬಿಚ್ಚುತ್ತೇನೆ. ಓಡುವ ಎಂಜಿನ್ನು, ಬ್ರೇಕಿಲ್ಲದ ಕಾರು, ಇಳಿಜಾರಿನ ಅಂಗಳ ಮೂರೂ ಒಟ್ಟಿಗೆ ಇರಬಾರದು.

ಈ ಕಾರಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವುದು ಒಂದೇ ಸರ್ಕ್ಯೂಟು. ಈಗಿನ ಕಾರುಗಳ ಹಾಗೆ ಎರಡು ಭಾಗ ಇಲ್ಲ. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಹಾಗಾಗಿ ಇಲ್ಲಿ "ಸದ್ಯಕ್ಕೆ ಇರಲಿ" ಎನ್ನುವಂತಿಲ್ಲ. ಚಕ್ರದ ಬಳಿ ಬ್ರೇಕು ಒತ್ತುವ ವೀಲ್ ಸಿಲಿಂಡರುಗಳಲ್ಲಿ ಮೂರು ಒಳಗೆ ಗುಳಿ ಬಿದ್ದಿದ್ದವು, ಬದಲಾಯಿಸಿದೆ. ಒಂದನ್ನು ನುಣ್ಣನೆಯ ಎಮರಿ ಪೇಪರಿನಲ್ಲಿ ಉಜ್ಜಿ ಹೊಸ ರಬ್ಬರ್ ಹಾಕಿದೆ. ಕಬ್ಬಿಣದ ಪೈಪುಗಳನ್ನೆಲ್ಲ ತೆಗೆದು ಹೊಸದಾಗಿ ಮಾಡಿಸಿದೆ.

ಹೊಸಬರು ಯಾರಾದರೂ ಇದನ್ನು ಮಾಡುವುದಿದ್ದರೆ ಒಂದು ಮಾತು. ಬ್ರೇಕಿನ ಭಾಗಗಳನ್ನು ಕೊನೆಗೆ ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ. ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲು ಒಂದು ಹನಿ ಉಳಿದರೂ ಆ ರಬ್ಬರು ಊದಿಕೊಳ್ಳುತ್ತದೆ. ಕೆಲಸ ಮುಗಿದ ದಿನ ಎಲ್ಲ ಚೆನ್ನಾಗಿರುತ್ತದೆ. ಕೈ ಕೊಡುವುದು ರಸ್ತೆಯಲ್ಲಿ.

ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿದೆ, ಅಂದರೆ ಹಿಂದಿನ ಎಡಗಡೆ. ನನ್ನ ಹೆಂಡತಿ ಪೆಡಲ್ ಒತ್ತಿದರು. "ಒತ್ತು, ಹಿಡ್ಕೋ, ಬಿಡು" ಎಂದು ಒಂದು ಸಂಜೆಯೆಲ್ಲ ಇದೇ ನಡೆಯಿತು. ಹೆರಾಲ್ಡಿನ ಕಾಲದಿಂದ ಈ ಕೆಲಸ ಅವರದೇ. ಪೆಡಲ್ ಗಟ್ಟಿಯಾದದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ.

ಮುಂದಿನ ಎರಡು ರಬ್ಬರ್ ಹೋಸುಗಳನ್ನು ಮಾತ್ರ ಹಳೆಯವನ್ನೇ ಬಿಟ್ಟೆ. ಹೊರಗೆ ಬಿರುಕು ಇರಲಿಲ್ಲ. ಅದು ತಪ್ಪು. ಮುಂದೆ ಹೇಳುತ್ತೇನೆ.

ಮೇ ಕೊನೆ, ಎಂಜಿನ್

1089 ಸಿ.ಸಿ., ನಾಲ್ಕು ಸಿಲಿಂಡರು. ಬೋರ್ (ಸಿಲಿಂಡರಿನ ಅಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75. ನಿಂತು ನಿಂತು ಪಿಸ್ಟನ್ನುಗಳು ಒಳಗೆ ಕಚ್ಚಿಕೊಂಡಿದ್ದವು. ಪ್ಲಗ್ ನಾಲ್ಕೂ ತೆಗೆದು ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಒಳಗೆ ಸುರಿದು ಐದು ದಿನ ಬಿಟ್ಟೆ. ದಿನಾ ಬೆಳಿಗ್ಗೆ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಸ್ವಲ್ಪ ಒತ್ತಿ ನೋಡುತ್ತಿದ್ದೆ. ಗೇರಿನಲ್ಲಿಟ್ಟು ನಾಲ್ಕು ಜನ ತಳ್ಳಿದರೆ ಬೇಗ ಬಿಡುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಬಿಡುತ್ತದೆ ನಿಜ, ಆದರೆ ಒಳಗೆ ಪಿಸ್ಟನ್ನಿನ ರಿಂಗು ಮುರಿದಿದ್ದರೂ ಗೊತ್ತಾಗುವುದಿಲ್ಲ. ಆರನೇ ದಿನ ಪಾನಾ ತಾನಾಗಿ ಜಾರಿದ ಹಾಗೆ ಸರಿಯಿತು. ಆ ಒಂದು ಇಂಚಿನ ತಿರುಗಾಟಕ್ಕಾಗಿಯೇ ನಾನು ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಸೆಲ್ಫ್ ಮೋಟಾರು ಬಿಚ್ಚಿ ಬುಶ್ ಹಾಕಿಸಿ, ಬೇರೆ ಬ್ಯಾಟರಿ ಜೋಡಿಸಿ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಏರುವ ಒತ್ತಡ, ನೋಡಿದೆ. ಒಂದನೇ ಸಿಲಿಂಡರ್ 112 ಪಿ.ಎಸ್.ಐ., ಎರಡನೇದು 108, ನಾಲ್ಕನೇದು 110. ಮೂರನೇದು ಮಾತ್ರ 55. ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ರಿಂಗ್ ಸವೆದಿದ್ದರೆ ಆಯಿಲು ಸಂದು ಮುಚ್ಚುತ್ತದೆ, ಮೀಟರ್ ಏರಬೇಕು. ಏರಲಿಲ್ಲ. ಹಾಗಾದರೆ ಸೋರುತ್ತಿರುವುದು ವಾಲ್ವ್. ಸಿಲಿಂಡರು ಕೊರೆಸುವ ರೀಬೋರ್ ಖರ್ಚು ಉಳಿಯಿತು.

ವಾಲ್ವ್ ಇರುವುದು ಎಂಜಿನ್ನಿನ ಮೇಲ್ಭಾಗದ ಹೆಡ್ಡಿನಲ್ಲಿ, ಅದನ್ನು ಕೀಳಬೇಕು. ಹೆಡ್ ಅಲ್ಯೂಮಿನಿಯಮ್ಮಿನದು, ಅದರ ಕೆಳಗಿನ ಬ್ಲಾಕ್ ಬೀಡು ಕಬ್ಬಿಣ. ಇವೆರಡೂ ಹದಿನಾಲ್ಕು ವರ್ಷ ಒಂದರ ಮೇಲೊಂದು ಕೂತರೆ ಅಂಟಿಕೊಳ್ಳುತ್ತವೆ. ಸಂದಿಗೆ ಉಳಿ ಇಟ್ಟು ಹೊಡೆಯಲೇಬಾರದು. ಅಲ್ಯೂಮಿನಿಯಮ್ ಮೆತ್ತಗೆ, ಒಂದು ಗೀರು ಬಿದ್ದರೂ ಗ್ಯಾಸ್ಕೆಟ್ ನಿಲ್ಲುವುದಿಲ್ಲ. ಸುತ್ತಲೂ ಎಣ್ಣೆ ಬಿಡುತ್ತಾ, ಮರದ ಸುತ್ತಿಗೆಯಲ್ಲಿ ತಟ್ಟುತ್ತಾ ಮೂರು ದಿನ ಕಾದೆ. ಬಂತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟು ಸಣ್ಣ ಚಂದ್ರನ ಆಕಾರದಲ್ಲಿ ಹಾರಿಹೋಗಿತ್ತು.

ಲೇತ್ ಅಂಗಡಿಯಲ್ಲಿ ಹೆಡ್ಡಿನ ಮುಖ ಸಮ ಮಾಡಿಸಿದೆ. ಎಂಟೂ ವಾಲ್ವ್ ನಾನೇ ಪೇಸ್ಟ್ ಹಚ್ಚಿ ಅಂಗೈಯಲ್ಲಿ ಕೋಲು ಉಜ್ಜಿ ಕೂರಿಸಿದೆ. ಕೂತಿದೆಯೋ ಇಲ್ಲವೋ ನೋಡಲು ಹೆಡ್ಡನ್ನು ಓರೆ ಇಟ್ಟು ಪೋರ್ಟಿಗೆ ಸೀಮೆಎಣ್ಣೆ ಸುರಿದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ವಾಲ್ವಿನ ಸುತ್ತ ಒದ್ದೆ ಕಾಣಬಾರದು. ಎರಡನೇ ರಾತ್ರಿಗೆ ಎಂಟೂ ಒಣಗಿದ್ದವು.

ಜೂನ್‌ನಿಂದ ಅಕ್ಟೋಬರ್, ನೆಲ

ಇಷ್ಟರಲ್ಲಿ ಮಳೆ ಹಿಡಿಯಿತು. ಹೊರಗೆ ಮಳೆ, ಒಳಗೆ ನಾನು ಮತ್ತು ಟಿಂಕರ್ ಮೇಸ್ತ್ರಿ. ಅವರು ಸಾಗರದಲ್ಲಿ ಮೂವತ್ತು ವರ್ಷದಿಂದ ಟಿಂಕರಿಂಗ್ ಮಾಡುತ್ತಿರುವವರು. ಭಾನುವಾರ ಮತ್ತು ಮಳೆ ಜಾಸ್ತಿ ಇದ್ದ ದಿನ ಮನೆಗೆ ಬರುತ್ತಿದ್ದರು. ಡಾಂಬರು ತಗಡು ಕಿತ್ತ ದಿನ ಅವರು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಇದ್ರಲ್ಲಿ ತೇಪೆ ಹಾಕೋ ಆಟ ಬೇಡ. ಗಟ್ಟಿ ತಗಡು ಸಿಗೋ ತನಕ ಕತ್ತರಿಸೋಣ."

ಗಟ್ಟಿ ತಗಡು ಸಿಗಲು ದೂರ ಹೋಗಬೇಕಾಯಿತು. ಬಲಗಡೆ ಪೆಡಲಿನಿಂದ ಹಿಂದಿನ ಸೀಟಿನ ತನಕ ನೆಲ, ಬಾಗಿಲ ಕೆಳಗಿನ ಸಿಲ್ಲು, ಜಾಕ್ ಕೊಡುವ ಜಾಗ ಎಲ್ಲವೂ ಹೋಗಿತ್ತು. ಸಿಲ್ಲು ಎಂದರೆ ಮನೆಗೆ ಹೊಸಿಲು ಇದ್ದ ಹಾಗೆ. ಆದರೆ ಈ ಕಾರಿನಲ್ಲಿ ಆ ಹೊಸಿಲೇ ತೊಲೆಯ ಕೆಲಸವನ್ನೂ ಮಾಡುತ್ತದೆ. ಅದನ್ನು ಕತ್ತರಿಸಿದ ಕ್ಷಣ ಕಾರು ನಡುವೆ ಕುಗ್ಗಲು ನೋಡುತ್ತದೆ. ಅರ್ಧ ಮಿಲಿಮೀಟರ್ ಕುಗ್ಗಿ, ಅದರ ಮೇಲೆ ವೆಲ್ಡ್ ಮಾಡಿದರೆ ಮುಗಿಯಿತು. ಬಾಗಿಲು ಮತ್ತೆ ಯಾವತ್ತೂ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಕತ್ತರಿಸುವ ಮೊದಲು ಎರಡು ದಿನ ಬರೀ ಕಟ್ಟುವ ಕೆಲಸ ಮಾಡಿದೆವು. ಕಾರಿನ ಅಡಿಗೆ ಆರು ಕಡೆ ಆಧಾರ ಕೊಟ್ಟೆವು. ಬಾಗಿಲ ಚೌಕಟ್ಟಿನ ಒಳಗೆ ಅಡ್ಡಕ್ಕೆ, ಓರೆಗೆ ಕಬ್ಬಿಣದ ಪೈಪು ಬೆಸೆದೆವು. ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಪ್ರತಿ ಸಂಜೆ ಅದೇ ಅಳತೆ ಮತ್ತೆ ತೆಗೆಯುವುದು ನನ್ನ ಕೆಲಸ.

ನೆಲಕ್ಕೆ 18 ಗೇಜಿನ ತಗಡು, ಅಂದರೆ 1.2 ಮಿ.ಮೀ. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ತಗಡಿಗೆ ಗೀಚುತ್ತಿದ್ದೆವು. ನೆಲದಲ್ಲಿ ಉದ್ದಕ್ಕೆ ಏಣುಗಳಿವೆಯಲ್ಲ, ಅವು ಅಂದಕ್ಕೆ ಇರುವುದಲ್ಲ. ಸಪಾಟು ತಗಡು ಕಾಲಿಟ್ಟರೆ ಡಬಡಬ ಅನ್ನುತ್ತದೆ. ಏಣು ಬಂದರೆ ಗಟ್ಟಿಯಾಗುತ್ತದೆ. ಮೇಸ್ತ್ರಿ ಹಲಸಿನ ಮರದ ದಿಮ್ಮಿಯಲ್ಲಿ ಕಾಲುವೆ ಕೊರೆದು, ತಗಡನ್ನು ಅದರ ಮೇಲಿಟ್ಟು ಹೊಡೆದು ಹೊಡೆದು ಆ ಏಣು ಎಬ್ಬಿಸಿದರು. ಅದನ್ನು ನೋಡುತ್ತಾ ನನಗೆ ಮಾತೇ ಹೊರಡಲಿಲ್ಲ. ಹಳೇ ತುಂಡಿನ ಪಕ್ಕ ಹೊಸದನ್ನು ಇಟ್ಟರೆ ಬಣ್ಣ ಬಿಟ್ಟು ಬೇರೇನೂ ವ್ಯತ್ಯಾಸ ಇರಲಿಲ್ಲ.

ಗ್ಯಾಸ್ ವೆಲ್ಡಿಂಗಿನಲ್ಲಿ ಕಾವು ಹರಡಿ ತಗಡು ತಿರುಚುತ್ತದೆ. ಸಿ.ಒ.ಟು ವೆಲ್ಡಿಂಗ್ ಯಂತ್ರ ಬಾಡಿಗೆಗೆ ತಂದೆವು. ಇಲ್ಲಿ ಒಂದು ಹೊಲಿಗೆ, ಅಲ್ಲಿ ಒಂದು ಹೊಲಿಗೆ. ಒಂದೇ ಕಡೆ ಎರಡು ಇಂಚು ಎಳೆಯುವುದಿಲ್ಲ. ಅಕ್ಟೋಬರಿನಲ್ಲಿ ಪೈಪು ಬಿಡಿಸಿ ಬಾಗಿಲು ಹಾಕಿದೆ. ಮೆತ್ತಗೆ ಕೂತಿತು, ಗೋಡೌನಿನಲ್ಲಿ ಕೂತ ಹಾಗೆಯೇ. ನೆಲಕ್ಕೆ ಒಟ್ಟು 48 ಸಾವಿರ ಆಯಿತು. ಕಾರಿಗೆ ಕೊಟ್ಟದ್ದಕ್ಕಿಂತ ಜಾಸ್ತಿ. ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ.

ಹೊಸ ನೆಲಕ್ಕೆ ಸತುವಿನ ಪ್ರೈಮರ್, ಸಂದುಗಳಿಗೆ ಸೀಲೆಂಟ್, ಅಡಿಯಲ್ಲಿ ಅಂಡರ್ ಕೋಟ್. ಸಿಲ್ಲಿನ ಒಳಗೆ ಉದ್ದ ಪೈಪಿನಿಂದ ಮೇಣ ಬೆರೆಸಿದ ಎಣ್ಣೆ ಸಿಂಪಡಿಸಿದೆ. ನೀರು ಹೋಗುವ ತೂತುಗಳನ್ನು ಮಾತ್ರ ಮುಚ್ಚಲಿಲ್ಲ. ಹಳೇ ನೆಲ ಕೊಳೆತದ್ದೇ ಅದರಿಂದ. ಆ ತೂತುಗಳನ್ನು ಡಾಂಬರಿನಲ್ಲಿ ಮುಚ್ಚಿದ್ದರು. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಬಾನೆಟ್ಟಿನೊಳಗೆ ತಿಕ್ಕುವಾಗ ಕಂಪನಿಯ ಪ್ಲೇಟು ಸಿಕ್ಕಿತು. ಪ್ರೀಮಿಯರ್ ಆಟೊಮೊಬೈಲ್ಸಿನ ಮುಂಬೈಯ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿದ ಕಾರು ಇದು. ಇಟಲಿಯ ಫಿಯಟ್ 1100ರ ವಿನ್ಯಾಸ, 1964ರಲ್ಲಿ ಇಲ್ಲಿ ಡಿಲೈಟ್ ಆಗಿ ಬಂತು, 1974ರಿಂದ ಪದ್ಮಿನಿ. ಹೆಸರು ಬದಲಾದರೂ ನಮ್ಮ ಕಡೆ ಇವತ್ತಿಗೂ ಎಲ್ಲರಿಗೂ ಇದು ಫಿಯಟ್ಟೇ. ಈ ಕಂಪನಿಯನ್ನು 1944ರಲ್ಲಿ ಕಟ್ಟಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅದಕ್ಕೂ ಮೊದಲು ನಮ್ಮ ವಿಶ್ವೇಶ್ವರಯ್ಯನವರು ಭಾರತದಲ್ಲಿ ಕಾರು ಕಾರ್ಖಾನೆ ಆಗಲೇಬೇಕು ಎಂದು 1930ರ ದಶಕದಲ್ಲಿ ಓಡಾಡಿದ್ದರು. ಮೈಸೂರು ಸಂಸ್ಥಾನದಲ್ಲೇ ಮಾಡುವ ಯೋಜನೆಯೂ ಇತ್ತು, ವಾಲ್‌ಚಂದರೂ ಜೊತೆಗಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅದು ನಿಂತುಹೋಯಿತು. ಆಗಿದ್ದರೆ ಈ ಪ್ಲೇಟಿನ ಮೇಲೆ ಬೆಂಗಳೂರು ಅಂತ ಇರುತ್ತಿತ್ತೋ ಏನೋ. ಪ್ಲೇಟನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಹೊಳಪು ಬರಿಸಿ ಹಾಗೇ ಇಟ್ಟೆ.

ನವೆಂಬರ್, ಡಿಸೆಂಬರ್

ಬಿಡಿಭಾಗಕ್ಕೆ ಬೆಂಗಳೂರಿಗೆ ಎರಡು ಸಲ ಹೋದೆ. ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ "ಫಿಯಟ್ಟಿಂದು" ಅಂದರೆ ವಯಸ್ಸಾದವರು ಎದ್ದು ಬಂದು ಮಾತಾಡುತ್ತಾರೆ. ವಾಟರ್ ಪಂಪ್ ಕಿಟ್, ಪಾಯಿಂಟ್, ಕಂಡೆನ್ಸರ್, ಗೇರ್ ಲಿಂಕಿನ ಬುಶ್ಶು ಅಲ್ಲೇ ಸಿಕ್ಕವು. ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಈ ಭಾಗಗಳಿಗೆ ಗಿರಾಕಿ ಇದ್ದರು. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ನನಗೆ ಬೇಕಿದ್ದ ಡೋರ್ ಬೀಡಿಂಗ್ ಎಲ್ಲೂ ಸಿಗಲಿಲ್ಲ. ಬೇರೊಂದು ಕಾರಿನದನ್ನು ಕತ್ತರಿಸಿ ಹೊಂದಿಸಿದೆ.

ಪೆಟ್ರೋಲ್ ಟ್ಯಾಂಕಿನ ಒಳಗೆ ಬೆಲ್ಲದ ಪಾಕದ ಹಾಗೆ ಅಂಟು, ಅದರಡಿ ತುಕ್ಕು. ಹಿಡಿ ಜಲ್ಲಿ ಮತ್ತು ಸೋಪಿನ ನೀರು ಹಾಕಿ ಮಗ, ಅಳಿಯ, ನಾನು ಸರದಿಯಲ್ಲಿ ಅಲ್ಲಾಡಿಸಿದೆವು. ಇಂಧನದ ಹೋಸು, ಪಂಪಿನ ಡಯಾಫ್ರಾಮ್ ಎಲ್ಲ ಹೊಸದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್. ಹಳೇ ಕಾಲದ ರಬ್ಬರು ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗಿ ಪುಡಿ ಬಿಡುತ್ತದೆ. ಆ ಪುಡಿ ಹೋಗಿ ಕಾರ್ಬುರೇಟರಿನ ಜೆಟ್ಟಿನಲ್ಲಿ ಕೂರುತ್ತದೆ. ಎಥನಾಲ್ ತಡೆಯುವ ಹೋಸು ಎಂದೇ ಕೇಳಿ ತನ್ನಿ. ಬೆಲೆ ಜಾಸ್ತಿ, ಆದರೆ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವ ಭಯ ಇರುವುದಿಲ್ಲ ಅಲ್ವಾ.

ಡಿಸೆಂಬರ್ 12ರ ಸಂಜೆ ಸ್ಟಾರ್ಟ್ ಮಾಡಿದೆವು. ಕಿಡಿಯ ಸಮಯ ಹಿಡಿಯುವ ಪಾಯಿಂಟಿನ ಗ್ಯಾಪ್ 0.45 ಮಿ.ಮೀ., ಪ್ಲಗ್ಗಿನದು 0.6, ಸಿಲಿಂಡರುಗಳಿಗೆ ಕಿಡಿ ಬೀಳುವ ಸರದಿ (ಫೈರಿಂಗ್ ಆರ್ಡರ್) 1-3-4-2. ಚೋಕ್ ಎಳೆದು ಮೂರನೇ ಸಲಕ್ಕೆ ಹಿಡಿಯಿತು. ಹಿಂದಿನಿಂದ ಇಲಿಗೂಡಿನ ಉಳಿದ ಹತ್ತಿ, ಅಡಿಕೆ ಸಿಪ್ಪೆ ಹಾರಿತು, ಆಮೇಲೆ ನೀಲಿ ಹೊಗೆ, ಹತ್ತು ನಿಮಿಷಕ್ಕೆ ಅದೂ ನಿಂತಿತು. ಅಮ್ಮನಿಗೆ ಫೋನ್ ಮಾಡಿ ಎಂಜಿನ್ ಹತ್ತಿರ ಹಿಡಿದೆ. ಸ್ವಲ್ಪ ಹೊತ್ತು ಕೇಳಿ, "ಡಾಕ್ಟ್ರು ಹೊರಟ ಹಾಗೇ ಕೇಳ್ತದೆ" ಎಂದರು.

ಜನವರಿ, ಬಣ್ಣ

ಬಣ್ಣ ಬೇಗ ಮುಗಿಸಿ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಹೊಡೆಸುವುದು ಎನ್.ಸಿ. ಪೇಂಟ್, ಅಂದರೆ ಹಳೇ ಕಾಲದ ನೈಟ್ರೊಸೆಲ್ಯುಲೋಸ್ ಬಣ್ಣ. ಗೀರು ಬಿದ್ದರೆ ಮನೆಯಲ್ಲೇ ಉಜ್ಜಿ ಸರಿಮಾಡಬಹುದು. ಆದರೆ ಗಾಳಿಯಲ್ಲಿ ತೇವ ಇದ್ದಾಗ ಹೊಡೆದರೆ ಅದು ಮಂಜು ಮುಸುಕಿದ ಹಾಗೆ ಬೆಳ್ಳಗಾಗುತ್ತದೆ. ನಮ್ಮ ಊರಿನಲ್ಲಿ ಅದಕ್ಕೆ ಸಿಗುವುದು ಒಣ ಹವೆಯ ನಾಲ್ಕು ತಿಂಗಳು. ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಬೀಳದ ಜಾಗದಲ್ಲಿ ಮೂಲ ತಿಳಿ ನೀಲಿ ಹಾಗೇ ಉಳಿದಿತ್ತು. ಆ ತುಂಡು ತೋರಿಸಿ ಬಣ್ಣ ಕೂಡಿಸಿದೆವು. ಬಂಪರಿಗೆ ಕ್ರೋಮ್ ಮಾಡಿಸಿದೆ. ಸೀಟಿನ ಕುಷನ್ ಕೆಲಸ ಸಾಗರದಲ್ಲೇ ಆಯಿತು.

ದಾಖಲೆ ಕೆಲಸ ಮಧ್ಯೆ ಮಧ್ಯೆ ನಡೆದಿತ್ತು. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. ಡಾಕ್ಟರರಿಂದ ಅಮ್ಮನ ಹೆಸರಿಗೆ, ಅಮ್ಮನಿಂದ ನನಗೆ. ಕೆ.ಎ. ಬರುವ ಮೊದಲಿನ ಹಳೇ ಸಿ.ಎ. ನಂಬರು ಹಾಗೇ ಉಳಿಯಿತು.

ಫೆಬ್ರವರಿ, ಮಾರ್ಚ್

ಮೊದಲ ಓಟ ಇಕ್ಕೇರಿಗೆ, ಸುಮಾರು ಆರು ಕಿಲೋಮೀಟರ್. ಸ್ಟೇರಿಂಗ್ ಪಕ್ಕದ ಗೇರು ಹೊಸ ಬುಶ್ಶಿನಿಂದ ಬೆಣ್ಣೆಯ ಹಾಗೆ ಬೀಳುತ್ತಿತ್ತು. ಮೊದಲ ಗೇರಿಗೆ ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೊ ಇಲ್ಲ, ಕಾರು ಪೂರ್ತಿ ನಿಂತ ಮೇಲೇ ಹಾಕಬೇಕು. ಕೈಗೆ ಅದು ಮರೆತಿರಲಿಲ್ಲ.

ಮೂರು ಕಿಲೋಮೀಟರಿಗೆ ಕಾರು ಬಲಕ್ಕೆ ಎಳೆಯತೊಡಗಿತು. ಇಳಿದು ಕೈ ಹಿಡಿದೆ, ಮುಂದಿನ ಬಲ ಡ್ರಮ್ಮು ಸುಡುತ್ತಿತ್ತು. ಮಾಸ್ಟರ್ ಸಿಲಿಂಡರಿನ ಪೈಪು ಸಡಿಲಿಸಿ ನೋಡಿದೆ, ಚಕ್ರ ಬಿಡಲಿಲ್ಲ. ಚಕ್ರದಲ್ಲಿ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿದೆ, ಆಯಿಲು ಚಿಮ್ಮಿ ಚಕ್ರ ತಿರುಗಿತು. ಹಾಗಾದರೆ ಒತ್ತಡ ಸಿಕ್ಕಿಕೊಂಡಿರುವುದು ಇವೆರಡರ ನಡುವೆ, ನಾನು ಬಿಟ್ಟಿದ್ದ ಆ ಹಳೇ ಹೋಸಿನಲ್ಲಿ. ಮನೆಗೆ ಬಂದು ಉದ್ದಕ್ಕೆ ಸೀಳಿ ನೋಡಿದೆ. ಹೊರಗೆ ಚೆನ್ನಾಗಿತ್ತು, ಒಳಗೆ ರಬ್ಬರು ಊದಿ ಸೂಜಿಯಷ್ಟೇ ದಾರಿ ಉಳಿದಿತ್ತು. ಕಾಲಿನ ಒತ್ತಡಕ್ಕೆ ಆಯಿಲು ಒಳಗೆ ಹೋಗುತ್ತದೆ, ವಾಪಸ್ ಬರಲು ಅದಕ್ಕೆ ಶಕ್ತಿ ಸಾಲದು. ಎರಡೂ ಹೋಸು ಬದಲಾಯಿಸಿದೆ. ಆ ಸೀಳಿದ ಹೋಸನ್ನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕಿದ್ದೇನೆ.

ಮಾರ್ಚಿನಲ್ಲಿ ಜೋಗದ ದಾರಿಯಲ್ಲಿ ನಡು ಮಧ್ಯಾಹ್ನ ಎಂಜಿನ್ ನಿಂತಿತು. ಪಂಪಿನಲ್ಲಿ ಪೆಟ್ರೋಲು ಕಾದು ಆವಿಯಾಗಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಮರದ ನೆರಳಲ್ಲಿ ಕೂತೆವು, ಮತ್ತೆ ಹೊರಟಿತು. ಈಗ ಪಂಪಿಗೂ ಎಕ್ಸಾಸ್ಟಿಗೂ ನಡುವೆ ಒಂದು ಅಲ್ಯೂಮಿನಿಯಂ ತಗಡು ಅಡ್ಡ ಕೊಟ್ಟಿದ್ದೇನೆ. ಆಮೇಲೆ ನಿಂತಿಲ್ಲ. ಲೀಟರಿಗೆ 13 ಕಿಲೋಮೀಟರ್ ಕೊಡುತ್ತಿದೆ.

ಜೂನ್

ಮಳೆ ಶುರುವಾಗಿ ಎಂಟು ದಿನ. ದಿನಾ ಸಂಜೆ ಟಾರ್ಚ್ ಹಿಡಿದು ನಾಲ್ಕೂ ಕಡೆ ಮ್ಯಾಟ್ ಎತ್ತಿ ನೋಡುತ್ತೇನೆ. ಮೊದಲ ಆರು ದಿನ ಧೂಳಿನಷ್ಟು ಒಣ. ಏಳನೇ ದಿನ ಎಡಗಡೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ. ಮೇಲಕ್ಕೆ ಹುಡುಕುತ್ತಾ ಹೋದೆ. ಎಡ ವೈಪರಿನ ಕಡ್ಡಿ ಬಾಡಿಯಿಂದ ಹೊರಬರುವ ಜಾಗದ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿತ್ತು. ಹಳೇ ಟ್ಯೂಬಿನಲ್ಲಿ ಒಂದು ವಾಷರ್ ಕತ್ತರಿಸಿ, ಗ್ರೀಸ್ ಹಚ್ಚಿ ಕೂರಿಸಿದೆ. ನಿನ್ನೆ ರಾತ್ರಿಯೆಲ್ಲ ಕಾರನ್ನು ಅಂಗಳದಲ್ಲಿ ಮಳೆಗೆ ಬಿಟ್ಟು ಬೆಳಿಗ್ಗೆ ಮೇಸ್ತ್ರಿಯನ್ನು ಕರೆಸಿದೆ. ಅವರು ಮೊಣಕಾಲೂರಿ ತಾವು ಹೊಡೆದ ಏಣುಗಳ ಮೇಲೆ ಉದ್ದಕ್ಕೂ ಕೈ ಸವರಿ, ಅಂಗೈ ನೋಡಿಕೊಂಡರು. ಒಣಗಿತ್ತು.